ಜಪಾನಿನ ಗಂಗಿಗೆ ಕುಲಗೋಡದ ದನಿ

2024ರ ಜನವರಿ ಎರಡನೆಯ ವಾರ ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಕುಲಗೋಡದ ಬಾಳವ್ವ ಅವರ ಗಂಟಲಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಜೀವಕ್ಕೆ ಅಪಾಯವಿಲ್ಲ ಎಂದು ವೈದ್ಯರು ತಿಳಿಸಿದರು. ಮಾತು ಮರಳುವುದಿಲ್ಲ ಎಂದೂ ತಿಳಿಸಿದರು.

ಮನೆಗೆ ಕಳಿಸುವ ಮೊದಲು ಮಾತಿನ ಚಿಕಿತ್ಸೆ ವಿಭಾಗದವರು ಮೊಮ್ಮಗಳು ಪ್ರಜ್ಞಾಳನ್ನು ಕರೆದು ಒಂದು ಪ್ರಶ್ನೆ ಕೇಳಿದರು. ಅಜ್ಜಿಯ ಹಳೆಯ ದನಿ ಎಲ್ಲಾದರೂ ರೆಕಾರ್ಡ್ ಆಗಿದೆಯೇ? ಕೆಲವು ನಿಮಿಷಗಳ ಸ್ವಚ್ಛ ದನಿ ಸಿಕ್ಕರೆ ಕಂಪ್ಯೂಟರ್ ಅದನ್ನು ಕಲಿಯುತ್ತದೆ. ಆಮೇಲೆ ಫೋನಿನ ಗುಂಡಿ ಒತ್ತಿದರೆ 'ನೀರು ಕೊಡು', 'ಬಾ ಕೂಡು' ಎಂಬ ಮಾತುಗಳು ಅವರದೇ ದನಿಯಲ್ಲಿ ಬರುತ್ತವೆ. ಪ್ರಜ್ಞಾಳ ಫೋನಿನಲ್ಲಿ ಅಜ್ಜಿಯ ವೀಡಿಯೊಗಳು ಇದ್ದವು. ಆದರೆ ಆ ಮನೆಗೆ ಅಂಥ ಫೋನು ಬರುವ ಹೊತ್ತಿಗೆ ಬಾಳವ್ವನ ದನಿ ಕಟ್ಟಿಹೋಗಿತ್ತು. ಅವುಗಳಲ್ಲಿ ಇದ್ದದ್ದು ಗರಗರ ಉಸಿರು ಮಾತ್ರ. ಇದರಿಂದ ಉಪಯೋಗವಿಲ್ಲ ಎಂದರು.

ಪ್ರಜ್ಞಾ ಮೂಡಲಗಿಯ ಒಂದು ರಕ್ತಪರೀಕ್ಷಾ ಕೇಂದ್ರದಲ್ಲಿ ಕೆಲಸ ಮಾಡುತ್ತಾಳೆ. ಆಸ್ಪತ್ರೆಯಿಂದ ಬಂದ ವಾರವೇ ಗೋಕಾಕಕ್ಕೆ ಬಂದು ನನ್ನ ಬಾಗಿಲು ತಟ್ಟಿದಳು.

"ಕಾಕಾ, ನೀವು ಮತ್ತ ನಮ್ಮಜ್ಜಿ ಕೂಡೇ ಕೆಲಸಾ ಮಾಡೀರಿ. ಅಕಿ ದನಿ ಎಲ್ಲ್ಯರ ಉಳದಿರಬೇಕಲ್ರಿ?"

ನಾನು ಬೆಳಗಾವಿಯ ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದವನು. ಆಮೇಲೆ ಗೋಕಾಕದ ಕೇಬಲ್ ಚಾನೆಲ್ಲಿನಲ್ಲಿ ಸುದ್ದಿ ನೋಡಿಕೊಂಡು ನಿವೃತ್ತನಾದೆ. ಮೊಬೈಲ್ ಹಿಡಿದು ಊರ ಸುದ್ದಿ ಮಾಡುವವರು, ಪರದೇಶದ ಚಿತ್ರಗಳಿಗೆ ಕನ್ನಡ ದನಿ ಕೊಡಲು ಹೊರಟವರು ಈಗಲೂ ಬಂದು, ನಿಮ್ಮ ಕಾಲದಲ್ಲಿ ಹೇಗಿತ್ತು ಎಂದು ಕೇಳುತ್ತಾರೆ. ಅವರಿಗೆಂದು ಇದನ್ನು ಬರೆದಿಡುತ್ತಿದ್ದೇನೆ. ಕಂಡದ್ದನ್ನು ಕಂಡದ್ದೆಂದು, ಕೇಳಿದ್ದನ್ನು ಕೇಳಿದ್ದೆಂದು ಬರೆಯುತ್ತೇನೆ.

ನಮ್ಮ ಚಾನೆಲ್ಲಿನ ಕಚೇರಿ ಬಟ್ಟೆ ಅಂಗಡಿಯೊಂದರ ಮೇಲಿನ ಎರಡು ಕೋಣೆ. ಒಂದರಲ್ಲಿ ಯಂತ್ರಗಳು. ಇನ್ನೊಂದರಲ್ಲಿ ಮೇಜು, ಹಿಂದೆ ನೀಲಿ ಚಾದರ, ಅದೇ ಸುದ್ದಿಮನೆ. ಘಟಪ್ರಭೆಯ ನೀರು, ಸಂತೆಯ ದರ, ಕೋರ್ಟಿನ ತೀರ್ಪು, ನಿಧನವಾರ್ತೆ. ಮಾಲೀಕರು ಅಪ್ಪಾಸಾಹೇಬರು, ಮೊದಲು ಹಿಟ್ಟಿನ ಗಿರಣಿ ನಡೆಸುತ್ತಿದ್ದವರು. ಒಂದೊಂದು ಕ್ಯಾಸೆಟ್ಟನ್ನೂ ಅಳಿಸಿ ಅಳಿಸಿ ಬಳಸುವುದು ಅವರ ನಿಯಮ. ಹೊಳೆಗೆ ಮಹಾಪೂರ ಬಂದಾಗಿನ ಚಿತ್ರಗಳನ್ನು ಇಟ್ಟುಕೊಳ್ಳೋಣ ಎಂದು ನಾನು ಕೇಳಿದ್ದೆ.

"ಸುದ್ದಿ ಅಂದ್ರ ಹಿಟ್ಟ ಇದ್ದಂಗ್ರಿ," ಅಂದರು. "ಇವತ್ತ ಬೀಸಿದ್ದು ಇವತ್ತ ಖಾಲಿ ಆಗಬೇಕು. ಇಟ್ರ ಹುಳಾ ಬೀಳತಾವು."

ಬಾಳವ್ವ ಮತ್ತು ನಾನು ಕೂಡಿ ಕೆಲಸ ಮಾಡಿದ ಜಪಾನಿನ ಕಾರ್ಟೂನ್ ಚಿತ್ರಮಾಲೆಯನ್ನು ತಂದವರೂ ಅವರೇ. ಮುಂಬೈಯಿಂದ ಯಾರೋ ಕೊಟ್ಟ ಕ್ಯಾಸೆಟ್ಟುಗಳು. ಹಕ್ಕು ಯಾರದು ಎಂದು ಆಗ ಯಾರೂ ಕೇಳಲಿಲ್ಲ. ಮಾತು ಪೂರ್ತಿ ಜಪಾನಿ. ಕೆಳಗೆ ಅಕ್ಷರ ಸಹ ಇಲ್ಲ. ಕಡಲ ದಂಡೆಯ ಒಂದು ಊರು, ದೀಪಸ್ತಂಭದ ಕೆಳಗೆ ಒಂದು ಮನೆ, ಅಲ್ಲೊಬ್ಬಳು ತಾಯಿ, ಒಬ್ಬಳು ಹುಡುಗಿ, ದೋಣಿ ರಿಪೇರಿ ಮಾಡುವ ಒಬ್ಬ ಹುಡುಗ. "ಚಿತ್ರಾ ಚಂದ ಅದಾವು. ಮಾತ ನೀವ ಹಾಕ್ರಿ," ಎಂದು ನನ್ನ ಮೇಜಿನ ಮೇಲೆ ಇಟ್ಟು ಹೋದರು.

ಬಾಳವ್ವನ ಹೆಸರು ಹೇಳಿದವನು ನಮ್ಮ ತಂತ್ರಜ್ಞ ರಫೀಕ. ಹರೆಯದಲ್ಲಿ ಆಕೆ ಸಣ್ಣಾಟದ ಮೇಳದಲ್ಲಿ ಹಾಡಿದವರು; ರಾಣಿಯೂ ಅವರೇ, ರಾಣಿಯ ಗೆಳತಿಯೂ ಅವರೇ. ಮನೆಯವರು ಬುದ್ಧನ ದಾರಿಗೆ ಬಂದ ಮೇಲೆ ಹಿರಿಯರು ಬಣ್ಣ ಸಾಕು ಎಂದರು. ಬಾಳವ್ವ ಕಬ್ಬಿನ ಹೊಲದ ಕೆಲಸಕ್ಕೆ ಹೋಗುತ್ತಿದ್ದರು. ಕರೆದಾಗ ಕುಲಗೋಡದ ಬಸ್ಸಿಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಟಿವಿಯ ಮುಂದೆ ಕುಳಿತು ಬಹಳ ಹೊತ್ತು ನೋಡಿದರು.

"ಇವರ ಕಣ್ಣ ಯಾಕ್ರಿ ಹಿಂಗ, ಬಟ್ಟಲದಂಗ?"

"ಅಲ್ಲಿಯವರು ಹಂಗ ಬರೀತಾರ ಬಾಳಕ್ಕ."

"ಬರೀಲಿ ಬಿಡ್ರಿ. ದೊಡ್ಡ ಕಣ್ಣಿಗೆ ದೊಡ್ಡ ಅಳು. ನನಗ ಕೆಲಸಾ ಹಗರ."

ನಮ್ಮ ಪದ್ಧತಿ ಹೀಗಿತ್ತು. ಸಂಜೆ ಕ್ಯಾಸೆಟ್ ಹಾಕುವುದು, ಜಪಾನಿ ದನಿ ತಗ್ಗಿಸುವುದು, ಬಾಳವ್ವ ಮೈಕಿನ ಮುಂದೆ ಕುಳಿತು ಎಲ್ಲರ ಮಾತನ್ನೂ ಆಡುವುದು. ನೇರ ಪ್ರಸಾರ. ಬರೆದ ಮಾತು ಇಲ್ಲ. ಮಧ್ಯಾಹ್ನ ಇಬ್ಬರೂ ಒಮ್ಮೆ ನೋಡಿ, ಕಥೆ ಹೀಗಿರಬಹುದು ಎಂದು ಊಹಿಸುತ್ತಿದ್ದೆವು. ಉಳಿದದ್ದು ಮೈಕಿನ ಮುಂದೆ ಹುಟ್ಟುತ್ತಿತ್ತು. ಹುಡುಗಿಗೆ ಗಂಗಿ ಎಂದೂ ಹುಡುಗನಿಗೆ ಬಸು ಎಂದೂ ಹೆಸರಿಟ್ಟೆವು.

ಹೆಸರು ಸಾಲದು ಎಂದವರು ಅಪ್ಪಾಸಾಹೇಬರು. "ಬರೇ ಹೆಸರ ಹಿಡದ ಕರದ್ರ ಕೊಣ್ಣೂರಾಗ ಒಬ್ಬರೂ ನೋಡೂದಿಲ್ರಿ. ಮೊದಲ ಸಂಬಂಧ ಹಚ್ಚ್ರಿ. ಯಾರಿಗೆ ಯಾರ ಏನಾಗಬೇಕು?" ಅದು ಸರಿಯೇ. ನಮ್ಮ ಕಡೆ ಮಾತು ಶುರುವಾಗುವುದೇ ಅಕ್ಕಾ, ಮಾವಾ, ಚಿಗವ್ವಾ ಎಂದು. ಚಿತ್ರದಲ್ಲಿ ಹುಡುಗ ಹುಡುಗಿ ಒಂದೇ ಮನೆಯಲ್ಲಿ ಉಣ್ಣುತ್ತಿದ್ದರು. ಅಣ್ಣ ತಂಗಿ ಎಂದು ಮಾಲೀಕರೇ ತೀರ್ಮಾನಿಸಿದರು. ವಾರಗಟ್ಟಲೆ ಗಂಗಿ ಬಸುವನ್ನು ಅಣ್ಣಾ ಎಂದು ಕರೆದಳು. ನಮ್ಮ ಕೇಬಲ್ ಹೋಗುತ್ತಿದ್ದ ಗೋಕಾಕ, ಕೊಣ್ಣೂರಿನ ಮನೆಗಳಲ್ಲಿ ಅದು ಗಟ್ಟಿಯಾಯಿತು.

ಒಂದು ದಿನ ಮುಂದಿನ ಕ್ಯಾಸೆಟ್ಟುಗಳ ಪೆಟ್ಟಿಗೆ ತಡವಾಗಿ, ಸಂಜೆಯ ಬಸ್ಸಿಗೆ ಬಂತು. ಮೊದಲೇ ನೋಡಲು ಸಮಯವಿಲ್ಲ. ಹಾಗೆಯೇ ಹಾಕಿದೆವು. ಚಿತ್ರದ ನಡುವೆ ಬಸು ಗಂಗಿಯ ಕೂದಲಿಗೆ ಹೂ ಮುಡಿಸಿದ. ಗಂಗಿ ನಾಚಿದಳು. ಊರವರು ಚಪ್ಪಾಳೆ ತಟ್ಟಿದರು. ಮದುವೆ ಗೊತ್ತಾಗಿದೆ ಎಂಬುದು ಚಿಕ್ಕ ಮಕ್ಕಳಿಗೂ ತಿಳಿಯುವಂತಿತ್ತು. ರಫೀಕ ತಲೆಯ ಮೇಲೆ ಕೈ ಇಟ್ಟುಕೊಂಡ. ಒಳಗೆ ಬಂದ ಅಪ್ಪಾಸಾಹೇಬರು ತಂತಿ ಕಿತ್ತುಬಿಡು ಎಂದು ಸನ್ನೆ ಮಾಡಿದರು. ಬಾಳವ್ವ ಪರದೆ ನೋಡುತ್ತಿದ್ದರು.

ಅಷ್ಟರಲ್ಲಿ ಚಿತ್ರದ ತಾಯಿ ಮಗಳ ಹತ್ತಿರ ಬಂದು ಕಣ್ಣೊರೆಸಿಕೊಂಡಳು. ಬಾಳವ್ವ ಮೈಕಿಗೆ ಬಾಗಿದರು.

"ಗಂಗೀ, ಇನ್ನ ಮ್ಯಾಲ ಅವಗ ಅಣ್ಣಾ ಅನಬ್ಯಾಡ ನನ ಮಗಳ. ಅಂವ ನನ್ನ ಕಡೀ ತಮ್ಮ. ನಿನ್ನ ವಾರಿಗಿಯವಾ ಅಂತ ನೀ ಅಣ್ಣಾ ಅಂದಿ, ನಾನೂ ಸುಮ್ಮನಿದ್ದೆ. ಸೋದರಮಾವಗ ನಿನ್ನ ಕೊಡೂದಂತ ನೀ ತೊಟ್ಟಿಲದಾಗ ಇದ್ದಾಗನ ಮಾತಾಗೇತಿ."

ರಫೀಕ ನೆಲದ ಮೇಲೆ ಕುಳಿತು ನಕ್ಕ. ಅಪ್ಪಾಸಾಹೇಬರು ಕೈ ಮುಗಿದರು. ಚಿತ್ರ ಮುಗಿಸಿ ಹೊರಬಂದ ಬಾಳವ್ವ ನೀರು ಕುಡಿದು ನನಗೆ ಅಂದದ್ದು ಇಷ್ಟೇ: "ಸುದ್ದಿ ಸಾಹೇಬ್ರ, ಜಪಾನದಾಗೂ ಮಾವಗ ಕೊಡ್ತಾರಂತ ನಾಳಿ ಸುದ್ದಿಯೊಳಗ ಹೇಳಿಬಿಡ್ರಿ." ಮರುದಿನ ಸಂತೆಯಲ್ಲಿ ಹೆಂಗಸರು ಅವರನ್ನು ಸುತ್ತುಗಟ್ಟಿದರು. "ನನಗ ಮೊದಲ ಗೊತ್ತಿತ್ತ ಬಿಡ ಬೇ, ಅಂವ ಮಾವನಂಗನ ಕಾಣತಿದ್ದಾ," ಎಂದು ಬದನೆಕಾಯಿ ಮಾರುವವಳು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಆ ಚಿತ್ರಮಾಲೆಯಲ್ಲಿ ಇನ್ನೊಂದು ವಿಶೇಷವಿತ್ತು. ಗಂಗಿ ದೀಪಸ್ತಂಭದ ಮೆಟ್ಟಿಲ ಮೇಲೆ ಕುಳಿತು ಕಡಲು ನೋಡುವ ಚಿತ್ರ ಪ್ರತಿ ಕಂತಿನಲ್ಲೂ ಬರುತ್ತಿತ್ತು. ಚಿತ್ರ ಅಲುಗಾಡುತ್ತಿರಲಿಲ್ಲ, ಕೂದಲೆಳೆ ಸಹ. ಹೊಸ ಚಿತ್ರ ಬರೆಯುವ ಖರ್ಚು ಉಳಿಸಲು ಹೀಗೆ ಮಾಡುತ್ತಿದ್ದರು ಎಂದು ಆಮೇಲೆ ಓದಿ ತಿಳಿದೆ. ಆ ನಿಂತ ಚಿತ್ರದಲ್ಲಿ ಬಾಳವ್ವ ಗಂಗಿಯ ಮನಸ್ಸಿನ ಮಾತು ಆಡುತ್ತಿದ್ದರು. ಬೆಲ್ಲ ಅಗ್ಗವಾದದ್ದು, ಅವ್ವನ ಮೊಣಕಾಲು ನೋವು, ಹೊಳೆದಂಡೆಯಲ್ಲಿ ಬಿಟ್ಟುಬಂದ ಗೆಳತಿ. ಕಡಲು ನೋಡದ ಬಾಳವ್ವ ಅಲ್ಲಿಗೆ ಘಟಪ್ರಭೆಯನ್ನು ತಂದಿದ್ದರು. ನಮ್ಮ ಕಾರ್ಯಕ್ರಮದ ಬಗ್ಗೆ ಇವತ್ತಿಗೂ ಯಾರಾದರೂ ನೆನೆಸಿದರೆ ಆ ಮೆಟ್ಟಿಲ ಮೇಲಿನ ಮಾತನ್ನೇ ನೆನೆಸುತ್ತಾರೆ.

ಆಮೇಲೆ ಮಕ್ಕಳಿಗೆಂದೇ ಉಪಗ್ರಹ ಚಾನೆಲ್ಲುಗಳು ಬಂದವು. ಅವುಗಳಲ್ಲಿ ಎಲ್ಲವೂ ಸಿದ್ಧವಾಗಿ ಬರುತ್ತಿತ್ತು. ಅಪ್ಪಾಸಾಹೇಬರು ಬಾಳವ್ವನಿಗೆ ಸೀರೆ ಕೊಟ್ಟು, ಇನ್ನು ಸಾಕು ಎಂದು ಕಳಿಸಿದರು. ಕೆಲವು ವರ್ಷಗಳಲ್ಲಿ ಚಾನೆಲ್ಲೂ ಮುಚ್ಚಿತು.

ಪ್ರಜ್ಞಾಳ ಪ್ರಶ್ನೆಗೆ ನಾನು ಕೊಟ್ಟ ಉತ್ತರ: ನೇರ ಪ್ರಸಾರ, ಆದ್ದರಿಂದ ಉಳಿದಿರಲಿಕ್ಕಿಲ್ಲ, ಆದರೂ ರಫೀಕನನ್ನು ಕೇಳೋಣ.

ರಫೀಕ ಈಗ ಮೂಡಲಗಿಯಲ್ಲಿ ಅಂಗಡಿಗಳಿಗೆ ಸಿಸಿಟಿವಿ ಜೋಡಿಸುತ್ತಾನೆ. ಚಾನೆಲ್ ಮುಚ್ಚಿದಾಗ ಕ್ಯಾಸೆಟ್ಟುಗಳ ಒಂದು ಟ್ರಂಕು ಅವನ ಮನೆಗೆ ಹೋಗಿತ್ತು. "ಬಾಳಕ್ಕ ಬರಾಕ ಆಗದ ದಿವಸಕ್ಕ ಅಂತ ಮೊದಲ ತುಂಬಿಕೊಂಡ ಇಟಗೋತಿದ್ವಿ ನೋಡ್ರಿ, ಕಬ್ಬಿನ ಹಂಗಾಮಿನಾಗ. ಅವು ಇದರಾಗ ಇರಬೇಕ್ರಿ," ಎಂದ. ಅವನ ಹಳೆಯ ಯಂತ್ರ ಇನ್ನೂ ಓಡುತ್ತಿತ್ತು. ಒಂದೊಂದಾಗಿ ಹಾಕಿದೆವು. ಗಣಪತಿ ಮೆರವಣಿಗೆ. ಪುರಸಭೆಯ ಸಭೆ. ಕುಸ್ತಿ. ಕೆಲವು ಚೀಟಿಗಳ ಮೇಲೆ ನನ್ನದೇ ಅಕ್ಷರದಲ್ಲಿ 'ಗಂಗಿ' ಎಂದಿತ್ತು. ಒಳಗೆ ಯಾರದೋ ಸನ್ಮಾನದ ಭಾಷಣ. ಟ್ರಂಕು ಖಾಲಿಯಾಗುವವರೆಗೆ ಪ್ರಜ್ಞಾ ಏಳಲಿಲ್ಲ.

"ಎಲ್ಲಾ ಅಳಿಸೇರಿ?" ಎಂದು ಕೇಳಿದಳು.

"ಸಾಹೇಬ್ರದ ಹಿಟ್ಟಿನ ಲೆಕ್ಕಾ ಇತ್ತಲವಾ," ಎಂದ ರಫೀಕ. ಕೊನೆಯ ಕ್ಯಾಸೆಟ್ಟನ್ನು ಹೊರತೆಗೆದು ಮತ್ತೆ ಟ್ರಂಕಿನಲ್ಲಿಟ್ಟ.

ಈ ಹುಡುಕಾಟದ ತಿಂಗಳುಗಳಲ್ಲಿ ನಾನು ಭಾನುವಾರಗಳಂದು ಕುಲಗೋಡಕ್ಕೆ ಹೋಗುತ್ತಿದ್ದೆ. ಬಾಳವ್ವ ಉಸಿರಾಡಲೆಂದು ಕುತ್ತಿಗೆಯಲ್ಲಿ ಮಾಡಿದ ತೂತಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಬುದ್ಧನ ಪಟದ ಕೆಳಗೆ ಕುಳಿತಿರುತ್ತಿದ್ದರು. ಏನಾದರೂ ಬೇಕಾದರೆ ಸ್ಟೀಲಿನ ಲೋಟದಿಂದ ನೆಲ ಕುಟ್ಟುತ್ತಿದ್ದರು. ಪ್ರಜ್ಞಾ ಬಿಡುವಿನಲ್ಲಿ ಫೋನಿನಲ್ಲಿ ಜಪಾನಿನ ಹೊಸ ಚಿತ್ರಮಾಲೆಗಳನ್ನು ನೋಡುತ್ತಾಳೆ. ಅವಳ ಓರಗೆಯವರೆಲ್ಲ ಅದನ್ನು ಅನಿಮೆ ಎನ್ನುತ್ತಾರೆ. ಈಗಿನವು ಹಳೆಯವುಗಳ ಸಮಕ್ಕೆ ಬರುವುದಿಲ್ಲ ಎಂದು ನಾನು ಒಮ್ಮೆ ಅಂದೆ.

"ನೋಡೀರೇನ್ ಕಾಕಾ?"

"ಇಲ್ಲ."

"ನೋಡಲಾರದ ಬರದ್ರ ನಿಮ್ಮ ಪೇಪರದಾಗ ನಡೀತಿತ್ತೇನ್ರಿ?"

ಮಾತು ಸರಿಯಾಗಿತ್ತು. ಅವಳ ಹತ್ತಿರವೇ ಕುಳಿತು ನೋಡಿದೆ. ಮುಳುಗಿದ ಒಂದು ನಗರ, ಅದರ ಮನೆಗಳಿಂದ ಸತ್ತವರ ಸಾಮಾನು ಎತ್ತಿ ತರುವ ಮುಳುಗುಗಾರರು. ಕಂಡದ್ದನ್ನು ದಾಖಲಿಸುತ್ತೇನೆ. ಚಿತ್ರ ಬರೆಯುವ ಕೈ ಹಳೆಯದಕ್ಕಿಂತ ಬಹಳ ಮುಂದಿದೆ. ನೀರೊಳಗಿನ ಬೆಳಕು ನಿಜವಾದ ಬೆಳಕಿನಂತೆ ನಡುಗುತ್ತದೆ. ನಮ್ಮ ಗಂಗಿಯ ಕಡಲಿನಲ್ಲಿ ಅದೇ ಅಲೆ ಮತ್ತೆ ಮತ್ತೆ ಬರುತ್ತಿತ್ತು, ಸಂತೆಯಲ್ಲಿ ಅದೇ ಮುದುಕ ಮೂರು ಕಡೆ ನಿಂತಿರುತ್ತಿದ್ದ. ಹೊಸದರಲ್ಲಿ ಎಲ್ಲರೂ ಅವಸರದಲ್ಲಿದ್ದಾರೆ ಎಂದು ದೂರಿದೆ. ಪ್ರಜ್ಞಾ ಮುಂದಿನ ಕಂತು ಹಚ್ಚಿದಳು: ಒಬ್ಬಾಕೆ ನೀರಿನಿಂದ ತಂದ ತಾಯಿಯ ಬಟ್ಟೆಯನ್ನು ಒಣಗಿಹಾಕಿ, ಒಣಗುವವರೆಗೆ ಅದರ ಕೆಳಗೆ ಕೂರುತ್ತಾಳೆ. ಬೇರೆ ಏನೂ ನಡೆಯುವುದಿಲ್ಲ. ನನ್ನ ದೂರನ್ನು ಹಿಂದೆ ತೆಗೆದುಕೊಂಡೆ.

ಕನ್ನಡ ಮಾತ್ರ ಬೇರೆ ವಿಷಯ. ಆ ಕಂತುಗಳ ಕನ್ನಡ ದನಿ ಯಂತ್ರ ಮಾಡಿದ್ದು. ಅದರಲ್ಲಿ ತಾಯಿ ತೊಡೆಯ ಮೇಲಿನ ಕೂಸಿಗೆ, "ನೀವು ಊಟ ಮಾಡಿದ್ದೀರಾ?" ಎಂದು ಕೇಳಿದಳು. ಬಾಳವ್ವ ಹೊಟ್ಟೆ ಹಿಡಿದು ನಕ್ಕರು. ಸದ್ದಿಲ್ಲದ ನಗು, ಕುತ್ತಿಗೆಯ ಬಟ್ಟೆ ಮಾತ್ರ ಹಾರಿ ಹಾರಿ ಕೂರುತ್ತಿತ್ತು. ಆಮೇಲೆ ಮೊಮ್ಮಗಳ ಕಡೆ ಬೆರಳು ತೋರಿಸಿ, ಕೈ ಜೋಡಿಸಿ, ತಲೆ ಬಾಗಿಸಿದರು.

"ಇನ್ನ ಮ್ಯಾಲ ನನಗೂ ರೀ ಅಂತಾಳಂತ," ಎಂದಳು ಪ್ರಜ್ಞಾ. ಅವಳೂ ನಕ್ಕಳು, ಬೇಗ ನಿಲ್ಲಿಸಿದಳು. "ಆ ಮಷಿನ್‌ಗೆ ಯಾರ ಯಾರಿಗೆ ಏನಾಗಬೇಕಂತ ಯಾರ ಹೇಳಬೇಕ್ರಿ? ಅಜ್ಜಿ ದನಿ ಸಿಕ್ರ ಅದೂ ಹಿಂಗ ಮಾತಾಡತದೋ ಏನೋ. ಆದ್ರೂ ಸಿಗಲಿ ಕಾಕಾ. ಹೆಂಗರ ಮಾತಾಡಲಿ."

ಹಳೆಯದನ್ನೂ ನೋಡಿಬಿಡೋಣ ಎಂದು ಅವಳೇ ಗಂಗಿಯ ಚಿತ್ರಮಾಲೆಯನ್ನು ಅಂತರ್ಜಾಲದಲ್ಲಿ ಹುಡುಕಿ ತೆಗೆದಳು. ಮೂಲ ಜಪಾನಿ ದನಿ, ಕೆಳಗೆ ಇಂಗ್ಲಿಷ್ ಸಾಲು. ಮೊದಲ ಸಲ ನನಗೆ ಆ ಕಥೆ ತಿಳಿಯಿತು. ಹುಡುಗ ಅನಾಥ, ಆ ಮನೆಯಲ್ಲಿ ಬಾಡಿಗೆಗೆ ಇದ್ದವನು. ಮಾತುಗಳು ಸಾಧಾರಣ. ಮೆಟ್ಟಿಲ ಮೇಲೆ ಕುಳಿತ ಗಂಗಿ ಬಂದಳು. ನಾನು ಮುಂದಕ್ಕೆ ಬಾಗಿದೆ. ಚಿತ್ರ ನಿಂತೇ ಇತ್ತು. ಅಲೆಯ ಸದ್ದು. ಒಂದು ಮಾತೂ ಇಲ್ಲ. ಮುಂದಿನ ದೃಶ್ಯ ಬಂತು.

"ಇಷ್ಟನ ಕಾಕಾ?" ಎಂದಳು ಪ್ರಜ್ಞಾ. "ನೀವು ಇದಕ್ಕ ಅಷ್ಟ ಹೇಳ್ತಿದ್ರಲ್ರಿ?"

ಬಾಳವ್ವ ನನ್ನ ಮುಖ ನೋಡಿದರು. ಹಳೆಯದು ಮೇಲೋ ಹೊಸದು ಮೇಲೋ ಎಂದು ಕೇಳಿಕೊಂಡು ಬರುವವರಿಗೆ ನಾನು ಹೇಳಬಹುದಾದದ್ದು ಇಲ್ಲಿಗೆ ಮುಗಿಯುತ್ತದೆ. ಪರದೆಯ ಮೇಲಿನದನ್ನು ತೂಗಿದರೆ ಹೊಸದೇ ತೂಕ. ನಾವು ಹಳೆಯದು ಎಂದು ನೆನೆಸುವುದರಲ್ಲಿ ಅರ್ಧ ಜಪಾನಿನದಲ್ಲ, ಕುಲಗೋಡದ್ದು. ಆ ಅರ್ಧ ತೂಗಲು ಎಲ್ಲೂ ಉಳಿದಿಲ್ಲ. ಈಗಿನವರು ಮಾಡುವುದೆಲ್ಲ ತನ್ನಷ್ಟಕ್ಕೆ ಉಳಿಯುತ್ತದೆ ಎಂದು ನಂಬಿದ್ದಾರೆ. ನಾವೂ ನಾಳೆ ಇನ್ನೊಂದು ಕಂತು ಇದೆ ಎಂದು ನಂಬಿದ್ದೆವು.

ಮಳೆಗಾಲ ಕಳೆದ ಮೇಲೆ ರಫೀಕ ಫೋನು ಮಾಡಿದ. ಅಂಗಡಿಯೊಂದಕ್ಕೆ ಕ್ಯಾಮೆರಾ ಜೋಡಿಸಲು ಹುಕ್ಕೇರಿಗೆ ಹೋದಾಗ, ಆ ಅಂಗಡಿಯವರ ಹೆಂಡತಿ ಕೊಣ್ಣೂರಿನವರೆಂದು ತಿಳಿದು ಮಾತಿಗೆ ಮಾತು ಬೆಳೆದಿತ್ತು. ಅವರ ಮದುವೆಯ ವೀಡಿಯೊದಲ್ಲಿ ನಮ್ಮ ಕಾರ್ಯಕ್ರಮ ಇದೆಯಂತೆ. ಪ್ರಜ್ಞಾ ಮರುದಿನವೇ ರಜೆ ಹಾಕಿದಳು. ಬಸ್ಸಿನಲ್ಲಿ ಅವಳು ನನಗೆ ಫೋನಿನ ಆ ತಂತ್ರಾಂಶ ತೋರಿಸಿದಳು. ಗುಂಡಿಗಳನ್ನು ಆಗಲೇ ಜೋಡಿಸಿದ್ದಳು. ಚಹಾ. ಔಷಧ. ಫ್ಯಾನ್ ಹಾಕು. ಕೊನೆಯ ಗುಂಡಿಗೆ ತನ್ನದೇ ಹೆಸರು ಇಟ್ಟಿದ್ದಳು.

ಆ ಗೃಹಿಣಿ ನಮ್ಮನ್ನು ಕೂರಿಸಿ ಚಹಾ ಕೊಟ್ಟರು. ಹೆಸರು ಬೇಡ ಎಂದಿದ್ದಾರೆ, ಬರೆಯುತ್ತಿಲ್ಲ.

"ಅವತ್ತ ಗಂಗಿಗೆ ಬಸು ಮಾವ ಆಗಬೇಕಂತ ಗೊತ್ತಾದ ದಿವಸ್ರಿ," ಎಂದರು. "ನನಗ ಅರಿಷಿಣಾ ಹಚ್ಚಾಕತ್ತಿದ್ರು. ಟಿವಿಯೊಳಗ ಹುಡುಗ ಹೂವಾ ಮುಡಿಸಿದ ಕೂಡಲೇ ಎಲ್ಲಾರೂ ನನ್ನ ಬಿಟ್ಟ ಅಲ್ಲಿ ಹೋಗಿ ಕುಂತರು. ನನ್ನ ಮಾರಿ ಅರ್ಧಾ ಹಳದಿ, ಅರ್ಧಾ ಹಂಗ! ನಮ್ಮ ಅಜ್ಜಿ ಬೈಯಾಕ ಹೋದಾಕಿ ತಾನೂ ಕುಂತಳು."

ಅವರ ಯಜಮಾನರು ಡಿಸ್ಕ್ ಹಚ್ಚಿದರು. ಕೊಣ್ಣೂರಿನ ಮನೆಯ ಪಡಸಾಲೆ. ಅರ್ಧ ಹಳದಿ ಮುಖದ ಮದುಮಗಳು ನಗುತ್ತ ಕ್ಯಾಮೆರಾ ನೋಡಿದಳು. ಕ್ಯಾಮೆರಾ ತಿರುಗಿತು. ಟಿವಿಯ ಬೆನ್ನು ಮಾತ್ರ ಕಂಡಿತು. ಎದುರಿಗೆ ಇಡೀ ಪಡಸಾಲೆ ತುಂಬ ಹೆಂಗಸರು, ಅರಿಷಿಣದ ಕೈಗಳನ್ನು ಸೀರೆಗೆ ತಾಗದಂತೆ ಮೇಲೆ ಹಿಡಿದು ಕುಳಿತಿದ್ದಾರೆ. ಎಲ್ಲರ ಬಾಯಿ ತೆರೆದಿದೆ. ಆಮೇಲೆ ಒಮ್ಮೆಲೇ ಎಲ್ಲರೂ ನಕ್ಕರು. ಒಬ್ಬ ಮುದುಕಿ ತೊಡೆ ಬಡಿದುಕೊಂಡಳು.

ಕೇಳುತ್ತಿದ್ದದ್ದು ಒಂದು ಸಿನಿಮಾ ಹಾಡು. ಪ್ರಜ್ಞಾ ದನಿ ಏರಿಸಿದಳು. ಹಾಡು ಜೋರಾಯಿತು. ಹಿಂದೆ, ಮುಂದೆ ಓಡಿಸಿ ನೋಡಿದಳು. ಅರಿಷಿಣದಿಂದ ಅಕ್ಷತೆಯವರೆಗೆ ಹಾಡಿನ ಮೇಲೆ ಹಾಡು.

"ಆಗ ಹಂಗ ಮಾಡ್ತಿದ್ರ ನೋಡ್ರಿ," ಎಂದರು ಯಜಮಾನರು. "ಮಂದಿ ಗದ್ದಲಾ ಪೂರಾ ತಗದ ಹಾಡ ಹಾಕೂದು. ಚಲೋ ಹಾಡ ಹಾಕ್ರಿ ಅಂತ ನಾವ ಹೇಳಿದ್ವಿ."

ಕ್ಯಾಮೆರಾದ ಮೂಲ ಕ್ಯಾಸೆಟ್ ಎಲ್ಲಿದೆ ಎಂದು ಕೇಳಿದೆವು. ಮದುವೆ ಚಿತ್ರಿಸಿದವರು ಕೊಣ್ಣೂರಿನವರು, ತೀರಿಕೊಂಡಿದ್ದಾರೆ. ಮರಳುವ ದಾರಿಯಲ್ಲಿ ಅವರ ಮಗನನ್ನು ಕಂಡೆವು. ಒಂದು ಮದುವೆ ಮುಗಿದ ಮೇಲೆ ಅದೇ ಕ್ಯಾಸೆಟ್ ಮುಂದಿನ ಮದುವೆಗೆ ಹೋಗುತ್ತಿತ್ತು ಎಂದು ಆತ ತಿಳಿಸಿದ. ಹಾಡಿನ ಕೆಳಗಿನ ದನಿಯನ್ನು ಬಿಡಿಸಬಹುದೇ ಎಂದು ಪ್ರಜ್ಞಾ ಡಿಸ್ಕಿನ ಪ್ರತಿಯನ್ನು ಆಸ್ಪತ್ರೆಯವರಿಗೆ ಕಳಿಸಿದಳು. ಹಾಡಿನ ಕೆಳಗೆ ಏನೂ ಇಲ್ಲ ಎಂದು ಉತ್ತರ ಬಂತು.

ಕಳೆದ ಭಾನುವಾರ ಕುಲಗೋಡದಲ್ಲಿ ಪ್ರಜ್ಞಾ ಆ ಮದುವೆಯ ಚಿತ್ರವನ್ನು ಹಾಡು ನಿಲ್ಲಿಸಿ ಅಜ್ಜಿಗೆ ತೋರಿಸಿದಳು. ಬಾಳವ್ವ ಲೋಟ ಕೆಳಗಿಟ್ಟು ಪರದೆಯ ಹತ್ತಿರ ಸರಿದರು. ಅರಿಷಿಣದ ಕೈಗಳು ಮೇಲೆದ್ದಾಗ ಅವರ ತುಟಿಗಳು ಆಡತೊಡಗಿದವು, ನಿಲ್ಲದೆ, ಪಡಸಾಲೆಯ ಹೆಂಗಸರು ನಗುವವರೆಗೆ. ಪ್ರಜ್ಞಾ ಅದನ್ನು ಫೋನಿನಲ್ಲಿ ಸೆರೆಹಿಡಿದಳು. ಆ ವೀಡಿಯೊದ ಪ್ರತಿ ನನ್ನ ಬಳಿಯೂ ಇದೆ. ಅದರಲ್ಲಿ ಫ್ಯಾನಿನ ಸದ್ದು ಕೇಳುತ್ತದೆ.